ಮೈನಸ್ ಎರಡು

"ಅದನ್ನ ಬರ್ದಿದ್ದು ಯಾರು? ಹೆಸರು ಹೇಳಿ."

ಅಣ್ಣಪ್ಪ ಕುರ್ಚಿಯಲ್ಲಿ ಕೂರಲಿಲ್ಲ. ಮಂಡ್ಯದಿಂದ ಕೊಚ್ಚಿಗೆ ಬಂದು, ಮಗ ತರುಣ್ ಇದ್ದ ಹಡಗು ಮುಳುಗಿದ ಕಥೆಯನ್ನು ವಿಲ್ಲಿಂಗ್ಡನ್ ಐಲ್ಯಾಂಡಿನ ಹಡಗು ಕಂಪನಿಯಲ್ಲಿ ಕೇಳಿ, ತಿರುವನಂತಪುರದ ರೈಲು ಹತ್ತಿ ಸೀದಾ ಕಳಕ್ಕೂಟಂನ ಈ ಸಾಫ್ಟ್‌ವೇರ್ ಕಚೇರಿಗೆ ಬಂದಿದ್ದರು. ಎದುರಿಗಿದ್ದವರು ತರುಣನ ಜೊತೆ ಕೆಲಸ ಮಾಡುತ್ತಿದ್ದ ಸಿಂಚನಾ ಮತ್ತು ಮಂಗಳೂರಿನ ವಿಲ್ಸನ್. ಕನ್ನಡದವರೆಂದು ಇವರಿಬ್ಬರನ್ನು ಮುಂದೆ ದೂಡಿ ಮ್ಯಾನೇಜರ್ ಮೆಲ್ಲಗೆ ಜಾರಿಕೊಂಡಿದ್ದ.

ಆದದ್ದು ಇಷ್ಟು. ತಾನಿರುವ ಜಾಗವನ್ನು ಹಡಗು ಒಂದು ಸಾಲಿನ ಸಂದೇಶವಾಗಿ ಕಳಿಸುತ್ತದೆ. ದಡದ ಪ್ರೋಗ್ರಾಂ ಆ ಸಾಲಿನಿಂದ ಸಂಖ್ಯೆಗಳನ್ನು ಹೆಕ್ಕಿ ನಕ್ಷೆಗೆ ಕೊಡುತ್ತದೆ. ಸಂದೇಶದ ತುಂಬ ಅಡ್ಡಗೆರೆಗಳು. ಹೆಸರಿನ ನಡುವೆ, ತಾರೀಖಿನ ನಡುವೆ. ಹಾಗಾಗಿ ಗೆರೆ ಕಂಡರೆ ಬಿಸಾಡು, ಧನ ಸಂಖ್ಯೆ ಮಾತ್ರ ತೆಗೆದುಕೋ ಎಂದು ಬರೆದಿದ್ದರು. ಕೊಚ್ಚಿ, ಲಕ್ಷದ್ವೀಪದ ನೀರಿನಲ್ಲಿ ಅದು ಸರಿಯೇ. ಈ ಹಡಗು ಭೂಮಧ್ಯರೇಖೆ ದಾಟಿತ್ತು. ಅಲ್ಲಿಂದ ದಕ್ಷಿಣಕ್ಕೆ ಅಕ್ಷಾಂಶದ ಮುಂದೆ ಮೈನಸ್ ಇರುತ್ತದೆ, ಅದೂ ಒಂದು ಅಡ್ಡಗೆರೆಯೇ. ಮುಳುಗುವಾಗ ಹಡಗು ಮೈನಸ್ ಎರಡು ಎಂದಿತು, ಪ್ರೋಗ್ರಾಂ ಎರಡು ಎಂದಿತು. ಹುಡುಕುವವರು ಉತ್ತರಕ್ಕೆ ಹೋದರು. ಯಂತ್ರಕ್ಕೇನು, ಹೇಳಿದಷ್ಟು ಮಾಡುತ್ತದೆ.

"ಹಡಗಲ್ಲಿ ಯಂತ್ರ ಕೂರ್ಸಿ, ಸರಿ ನಡೀತದಾ ನೋಡ್ಕೊಂಡು ಬರ್ತೀನಿ ಅಂತ ಹೋದೋನು," ಎಂದರು ಅಣ್ಣಪ್ಪ. "ಅವನಿಗೆ ಒಂದ್ಸಲ ತೋರ್ಸಿದ್ರೆ ಸಾಕಿತ್ತು, ತಪ್ಪು ಹಿಡೀತಿದ್ದ. ಲೆಕ್ಕದಲ್ಲಿ ಯಾವತ್ತೂ ಸೋತೋನಲ್ಲ. ನಮ್ಮ ಚಂದ್ರಮ್ಮ ಅನ್ನ ಮುಟ್ತಿಲ್ಲ. ಯಾರು ಕೊಂದ್ರು ನನ್ನ ಮಗನ್ನ ಅಂತ ಕೇಳ್ತಾಳೆ. ಏನು ಹೇಳ್ಲಿ ನಾನು?"

ವಿಲ್ಸನ್ ಬಾಯಿ ತೆರೆದ. ಅಷ್ಟರಲ್ಲಿ ಸಿಂಚನಾ ಹೇಳಿಬಿಟ್ಟಳು.

"ನಾನು ಅಂಕಲ್. ನಾನೇ ಬರ್ದಿದ್ದು."

ಅಣ್ಣಪ್ಪ ಕೈ ಎತ್ತಿದರು. ಎತ್ತಿದ ಕೈಯನ್ನು ಹಾಗೇ ಕೆಳಗಿಳಿಸಿದರು.

"ಹೆಣ್ಮಗಳು ಅಂತ ಬಿಟ್ಟೆ. ನಿನ್ನ ಕೈ ಸೇದೋಗ! ನಿನ್ನ ಹೆಸರನ್ನೇ ಹೇಳ್ತೀನಿ ಅವಳಿಗೆ."

"ಹೇಳಿ ಅಂಕಲ್. ಹೇಳಿ, ಆಂಟಿಗೆ ಎರಡು ತುತ್ತು ಊಟ ಮಾಡ್ಸಿ."

ಅವರು ಹಿಂತಿರುಗಿ ನೋಡದೆ ಹೊರಟುಹೋದರು. ಸಿಂಚನಾ ಮೇಜಿಗೆ ತಲೆಯಿಟ್ಟು ಬಿಕ್ಕಿ ಬಿಕ್ಕಿ ಅತ್ತಳು. ಆ ಶಾಪ ನಿಜಕ್ಕೂ ತಟ್ಟೀತೆಂಬ ಭಯವೂ ಆ ಅಳುವಿನಲ್ಲಿತ್ತು. ವಿಲ್ಸನ್ ಬಾಗಿಲು ಮುಚ್ಚಿ ಬಂದು ಪಕ್ಕದಲ್ಲಿ ಕುಳಿತ.

"ನಿನ್ನ ಹೆಸರು ಯಾಕೆ ಹೇಳಿದ್ದು ಮಾರಾಯ್ತಿ? ಅದನ್ನು ಬರೆದದ್ದು ತರುಣ್ ಅಲ್ವಾ?"