ಮೂವತ್ತೊಂಬತ್ತು ಗೂಟ

ಏಳು ಕೆರೆ ದಾಟಿದರೆ ಒಂದು ಹೊಲ, ಆ ಹೊಲದಲ್ಲಿ ಒಬ್ಬಂಟಿ ಹೆಂಗಸೊಬ್ಬಳು ಇದ್ದಳಂತೆ. ಸರ್ಕಾರದ ಸಬ್ಸಿಡಿ ನಂಬಿ ಅವಳು ಕೃಷಿಹೊಂಡ ತೋಡಿಸಿದಳು. ಹೊಂಡದ ಸುತ್ತ ನಲವತ್ತು ಗೂಟದ ಬೇಲಿ ಇರಬೇಕು, ಕೃಷಿ ಇಲಾಖೆಯ ಸಾಹೇಬರು ಬಂದು ಫೋಟೋ ತೆಗೆಯಬೇಕು, ಆಮೇಲೆಯೇ ಹಣ.

ಸಾಹೇಬರು ತಿಂಗಳಿಗೊಮ್ಮೆ ಬಂದರು. ಪ್ರತಿ ಸಲವೂ ಒಂದು ಗೂಟ ಕಮ್ಮಿ.

“ಏನಕ್ಕ, ಇವತ್ತೂ ಮೂವತ್ತೊಂಬತ್ತೇನಾ?”

“ಹಂದಿ ಕಿತ್ತಾಕವೆ ಸಾ. ಬಂದಿದ್ದೀರಿ, ಒಂದು ರೊಟ್ಟಿ ತಿಂದ್ಕೊಂಡು ಹೋಗಿ.”

ಸಾಹೇಬರು ಎರಡು ರೊಟ್ಟಿ ತಿಂದು, ತಾವು ದಿನಾ ಉಣ್ಣುವ ಹೋಟೆಲ್ ಊಟವನ್ನು ಬೈದು, ಹೊತ್ತಿಳಿಯುವವರೆಗೆ ಹರಟಿ ಹೋಗುತ್ತಿದ್ದರು. ಆಮೇಲೆ ತಿಂಗಳಿಡೀ ಅವಳ ಮಾತಿಗೆ ಗುಬ್ಬಿಗಳೇ ಗತಿ. ಅದಕ್ಕೇ ಸ್ಕೂಟರ್ ದೂರದಲ್ಲಿ ಕಂಡ ಕೂಡಲೇ ಅವಳು ತಾನೇ ಒಂದು ಗೂಟ ಕಿತ್ತು ಹುಲ್ಲಿನ ಬಣವೆಯೊಳಗೆ ತುರುಕುತ್ತಿದ್ದಳು.

ಐದನೇ ಸಲ ಅವರು ಸುಡುಬಿಸಿಲಲ್ಲಿ ಪಂಕ್ಚರಾದ ಸ್ಕೂಟರ್ ತಳ್ಳಿಕೊಂಡು ಬಂದಾಗ ಅವಳ ಕರುಳು ಚುರುಕ್ಕೆಂದಿತು.

“ಮುಂದಿನ ಸಲ ನಲವತ್ತೂ ಇರ್ತವೆ ಸಾ. ನಿಮ್ಮಾಣೆ!”

ಇದ್ದವು. ಆ ದಿನ ಸ್ಕೂಟರ್ ಕಂಡರೂ ಅವಳು ಬಣವೆಯ ಕಡೆ ಸುಳಿಯಲಿಲ್ಲ. ಸಾಹೇಬರು ಬೇಲಿಯ ಸುತ್ತ ಎಣಿಸುತ್ತಾ ಬಂದು, ನಲವತ್ತನೇ ಗೂಟದ ಹತ್ತಿರ ನಿಂತುಬಿಟ್ಟರು.

“ಫೋಟೋ ಹೊಡ್ಕೊಳ್ಳಿ ಸಾ,” ಎಂದಳು ಅವಳು, ಬೇರೆಲ್ಲೋ ನೋಡುತ್ತಾ. “ಇನ್ನು ನಿಮಗೆ ಈ ಕಡೆ ಬರೋ ಕೆಲಸ ಇಲ್ಲ.”

ಅವರು ಆ ಗೂಟವನ್ನು ಅಲ್ಲಾಡಿಸಿ ಕಿತ್ತು, ನೆಟ್ಟಗೆ ಬಣವೆಯ ಹತ್ತಿರ ಹೋಗಿ ಒಳಗೆ ತುರುಕಿ, ಕೈ ಕೊಡವಿಕೊಂಡರು.

“ಹಂದಿ ಕಾಟ ಜಾಸ್ತಿ ಆಯ್ತಕ್ಕ. ರೊಟ್ಟಿ ತಟ್ಟಿದ್ದೀಯಾ?”