ಕಚ್ಚಿಸಿಕೊಂಡವರ ಚಂದಾ

ದರ್ಜಿ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿ, ಕಾಲನ್ನು ಹೊಲಿಗೆ ಯಂತ್ರದ ಮೇಲೆ ಎತ್ತಿಟ್ಟ. ಮೀನಖಂಡದ ಮೇಲೆ ಹಲ್ಲಿನ ಗುರುತುಗಳು ಕಾಜಾ ಹಾಕಿದಷ್ಟು ನೀಟಾಗಿ ಸಾಲಾಗಿದ್ದವು.

"ನೋಡು, ಚೆನ್ನಾಗಿ ನೋಡು. ಇದನ್ನ ಮಾಡಿದ ನಾಯಿಯ ಆಪರೇಷನ್‌ಗೆ ನಾನು ದುಡ್ಡು ಕೊಡ್ಬೇಕಾ?"

"ಅದಕ್ಕೇ ಅಲ್ವಾ ಅಣ್ಣ, ಮೊದಲು ನಿಮ್ಮ ಹತ್ರ ಬಂದಿದ್ದು?" ಜೆರಾಕ್ಸ್ ಅಂಗಡಿಯವಳು ಖಾಲಿ ಟೋನರ್ ಡಬ್ಬಿಯನ್ನು ಅವನ ಮೂಗಿನ ಕೆಳಗೆ ಹಿಡಿದಳು. "ಅದನ್ನ ಇಷ್ಟು ಹತ್ತಿರದಿಂದ ಬಲ್ಲವರು ಈ ಬೀದೀಲಿ ಬೇರೆ ಯಾರಿದಾರೆ?"

ಅದು ಅವಳು ಚರಂಡಿಯಿಂದ ಎತ್ತಿ ತಂದು ಅಂಗಡಿಯ ಮೆಟ್ಟಿಲ ಮೇಲೆ ಸಾಕಿದ ನಾಯಿ. ಬೀದಿಯವರು ಅದಕ್ಕೆ ಟೀಸಿ ಎಂದು ಹೆಸರಿಟ್ಟಿದ್ದರು. ರೈಲಿನ ಟಿಕೆಟ್ ಕಲೆಕ್ಟರನ ಹಾಗೆ ಎಲ್ಲರನ್ನೂ ತಡೆದು ಮೂಸುತ್ತಿತ್ತು. ಒಪ್ಪಿಗೆಯಾಗದಿದ್ದರೆ ಅಲ್ಲೇ ದಂಡ. ಮೊನ್ನೆ ಹಿಂದಕ್ಕೆ ಬಂದ ಹಾಲಿನ ವ್ಯಾನು ಅದರ ಹಿಂಗಾಲಿನ ಮೇಲೆ ಹತ್ತಿತ್ತು. ನಾಳೆಯೊಳಗೆ ಮೂಳೆಗೆ ಪ್ಲೇಟ್ ಕೂಡಿಸದಿದ್ದರೆ ಕಾಲನ್ನೇ ಕತ್ತರಿಸಬೇಕು ಎಂದಿದ್ದರು ಡಾಕ್ಟರು. ಕೂಡಿಸಿದರೂ ಅಲ್ಲಿಗೆ ಮುಗಿಯುವಂತಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ನೀರಿನ ತೊಟ್ಟಿಯಲ್ಲಿ ನಡೆಸಬೇಕು, ಕಾಲು ನೀವಬೇಕು. "ಆ ಕಾಲನ್ನ ಊರಿ, ಇನ್ನೊಂದನ್ನ ಎತ್ತಿ ಉಚ್ಚೆ ಹೊಯ್ದ ದಿನ ನಾವು ಗೆದ್ವಿ ಅಂತ ತಿಳ್ಕೊಳಿ" ಎಂದೂ ಹೇಳಿದ್ದರು.

ದರ್ಜಿ ಡಬ್ಬಿಯನ್ನು ನೋಡಿದ, ತನ್ನ ಕಾಲನ್ನು ನೋಡಿದ. "ಕುಂಟೋ ನಾಯೀನ ಬೈದ್ರೆ ಪಾಪ ಸುತ್ಕೊಳುತ್ತೆ ಕಣಮ್ಮ. ನಾನು ಬೈಯೋಕಾದ್ರೂ ಅದು ನೆಟ್ಟಗೆ ನಡೀಬೇಕು," ಎಂದು ನೋಟು ತುರುಕಿದ.

ಸಂಜೆಯ ಹೊತ್ತಿಗೆ ಚಂದಾ ಎನ್ನುವುದು ಬೀದಿಯಲ್ಲಿ ಮಾನದ ಪ್ರಶ್ನೆಯಾಗಿತ್ತು. ಪೋಸ್ಟ್‌ಮ್ಯಾನ್ ತನ್ನ ಹಿಮ್ಮಡಿಯ ಹೆಸರಲ್ಲಿ ಕೊಟ್ಟ. ಎರಡು ಸಲ ಕಚ್ಚಿಸಿಕೊಂಡಿದ್ದ ಬೇಕರಿಯವನು ಎರಡು ಪಾಲು ಕೊಟ್ಟು, ಎದುರು ಸಾಲಿನ ಅಂಗಡಿಗಳಿಗೂ ಕೇಳುವಂತೆ ಹೇಳಿಕೊಂಡ. ಆದರೂ ಡಬ್ಬಿ ಅರ್ಧವೂ ತುಂಬಲಿಲ್ಲ. ಅವಳು ಅದನ್ನು ಕಂಕುಳಲ್ಲಿ ಇರುಕಿಕೊಂಡು ಸಪ್ಪೆ ಮೋರೆಯಲ್ಲಿ ಮನೆಗೆ ಬಂದಳು.

ಮಾವ ಪೇಪರಿನ ಹಿಂದಿನಿಂದಲೇ ಕೇಳಿದರು. "ಊರಿನವರನ್ನೆಲ್ಲ ಕೇಳಿದೆಯಂತೆ. ನನ್ನನ್ನ ಕೇಳ್ಲಿಲ್ಲ."

"ನಿಮಗೆ ಅದು ಕಚ್ಚೇ ಇಲ್ವಲ್ಲ ಮಾವ."

ಅವಳು ಹಾಗೆ ಹೇಳಬಾರದಿತ್ತು. ಮಾವ ಪೇಪರನ್ನು ಮಡಚಿದರು, ಇನ್ನೊಮ್ಮೆ ಮಡಚಿದರು. ನಾಯಿಗೆ ಹೋಗುವ ಮೊದಲು ಟೀಸಿ ಎಂಬ ಹೆಸರು ಬೀದಿಯಲ್ಲಿ ಅವರದೇ ಆಗಿತ್ತು. ಕೆಲಸದಲ್ಲಿದ್ದಾಗ ಅವರು ಬೋಗಿಗೆ ಕಾಲಿಟ್ಟರೆ ಸಾಕು, ಶೌಚಾಲಯಗಳು ತುಂಬಿಹೋಗುತ್ತಿದ್ದವು. ಅವರು ಬಾಗಿಲು ಬಡಿಯುತ್ತಿರಲಿಲ್ಲ. ಹೊರಗೆ ಗೋಡೆಗೊರಗಿ ನಿಂತಿರುತ್ತಿದ್ದರು, ಅಷ್ಟೆ.

"ದಿನಾ ಅದರ ಮೂತಿ ಮುಂದೇನೇ ಓಡಾಡ್ತೀನಿ," ಎಂದರು. "ಆ ದರ್ಜಿಗೆ ಕಚ್ಚುತ್ತೆ, ಬೇಕರಿಯವನಿಗೆ ಕಚ್ಚುತ್ತೆ. ನನಗೆ ಗುರ್ ಅಂತಾನೂ ಅಂದಿಲ್ಲ."

"ನಿಮ್ಮ ಮೇಲೆ ಗೌರವ ಇರ್ಬೇಕು."

"ಎಂಥಾ ಗೌರವ! ನನ್ನನ್ನ ಕರೆಂಟ್ ಕಂಬ ಅಂದ್ಕೊಂಡಿದೆ."

"ಕಂಬ ಅಂದ್ಕೊಂಡಿದ್ರೆ ಇಷ್ಟೊತ್ತಿಗೆ ಕಾಲೆತ್ತಿರ್ತಿತ್ತು ಮಾವ."

ಮಾವ ಎದ್ದು ಒಳಗೆ ಹೋದರು. ಬೀರು ತೆಗೆದ ಸದ್ದಾಯಿತು. ತಂದ ನೋಟಿನ ಕಟ್ಟು ಡಬ್ಬಿಯ ಸೀಳಿನಲ್ಲಿ ತೂರಲಿಲ್ಲ. ಮುಚ್ಚಳವನ್ನೇ ಕಿತ್ತು ಒಳಗಿಟ್ಟರು. "ಕಡಮೆ ಬೀಳೋದೆಲ್ಲ ನಂದು. ಆದ್ರೆ ಒಂದು ಷರತ್ತು. ವಾಸಿಯಾಗಿ ಬಂದ ಮೇಲೆ ಮೊದಲು ಕಚ್ಚೋದು ನನಗೆ."

"ಮಾವ, ಅದಕ್ಕೆ ನಾನು ಹೇಗೆ ಗ್ಯಾರಂಟಿ ಕೊಡ್ಲಿ?"

"ನೀನು ಕೊಡೋದು ಬೇಡ. ನಾಯಿ ಕೊಡುತ್ತೆ."

ಪ್ಲೇಟ್ ಕೂತಿತು. ಟೀಸಿ ನೀರಿನ ತೊಟ್ಟಿಯಲ್ಲಿ ನಡೆಯಿತು, ಕಾಲು ನೀವುವವನಿಗೆ ಕಚ್ಚಿತು, ಆ ಸುದ್ದಿಯನ್ನು ಸೊಸೆ ಮಾವನ ಕಿವಿಗೆ ಬೀಳದಂತೆ ನೋಡಿಕೊಂಡಳು. ಕೊನೆಗೊಂದು ಬೆಳಿಗ್ಗೆ ಅದು ಆಟೋದಿಂದ ಅಂಗಡಿಯ ಮುಂದೆ ಇಳಿದಾಗ ದರ್ಜಿ, ಬೇಕರಿಯವ ಎಲ್ಲ ಸುರಕ್ಷಿತ ದೂರದಲ್ಲಿ ಸೇರಿದ್ದರು. ಮಾವ ಮಾತ್ರ ದಾರಿಯ ನಡುವೆ ನಿಂತಿದ್ದರು. ಇಸ್ತ್ರಿ ಮಾಡಿದ ಪ್ಯಾಂಟನ್ನು ಮೊಣಕಾಲಿನವರೆಗೆ ಮಡಚಿದ್ದರು. ಬಿಸಿಲನ್ನೇ ಕಾಣದ ಬಿಳಿ ಮೀನಖಂಡ ಹಾಗೇ ಮುಂದಕ್ಕೆ ಚಾಚಿತ್ತು.

ಟೀಸಿ ಕುಂಟುತ್ತಾ ಬಂತು. ಮೀನಖಂಡವನ್ನು ಮೇಲಿನಿಂದ ಕೆಳಗಿನವರೆಗೆ ಮೂಸಿತು. ತಲೆಯೆತ್ತಿ ಅವರ ಮುಖ ನೋಡಿತು.

"ಹೂಂ," ಎಂದರು ಮಾವ, ಮೆಲ್ಲಗೆ. "ಆಗಲಿ."

ಟೀಸಿ ಅವರನ್ನು ಬಳಸಿಕೊಂಡು ಮುಂದೆ ಹೋಯಿತು. ಕರೆಂಟ್ ಕಂಬದ ಬುಡದಲ್ಲಿ ನಿಂತು, ಪ್ಲೇಟ್ ಹಾಕಿದ ಕಾಲನ್ನು ಊರಿ, ಒಂದು ಕ್ಷಣ ತೂಗಾಡಿ, ಇನ್ನೊಂದನ್ನು ಎತ್ತಿತು.

ಬೀದಿಯಲ್ಲಿ ಶಿಳ್ಳೆ ಬಿತ್ತು. ದರ್ಜಿ ಬೇಕರಿಯವನನ್ನು ತಬ್ಬಿಕೊಂಡ. ಜೆರಾಕ್ಸ್ ಅಂಗಡಿಯವಳು ಅಳುತ್ತಿದ್ದಳೋ ನಗುತ್ತಿದ್ದಳೋ, ಸೆರಗಿನಲ್ಲಿ ಮೂಗು ಒರೆಸಿಕೊಂಡು ಒಳಗಿನಿಂದ ಕುರ್ಚಿ ತಂದು ಮಾವನ ಪಕ್ಕ ಇಟ್ಟಳು.

"ಕಂಬ ಯಾವುದು, ನೀವು ಯಾರು ಅಂತ ಅದಕ್ಕೆ ಚೆನ್ನಾಗಿ ಗೊತ್ತಿದೆ ಮಾವ. ಸಾಕು, ಪ್ಯಾಂಟ್ ಇಳಿಸಿ ಕೂತ್ಕೊಳಿ."

"ಬೇಡ," ಎಂದರು ಮಾವ, ಚಾಚಿದ ಕಾಲನ್ನು ಹಿಂದಕ್ಕೆ ತೆಗೆಯದೆ. "ಅದು ವಾಪಸ್ ಇದೇ ದಾರೀಲಿ ತಾನೆ ಬರ್ಬೇಕು."