ಅರ್ಧಕ್ಕೆ ನಿಂತ ರಂಗೋಲಿ

ಮುದುಕ ಇವತ್ತೂ ಬಾಗಿಲಲ್ಲೇ ನಿಂತಿದ್ದ. ಆತಿಯಾ ಫೋನನ್ನು ಓಢಣಿಯಲ್ಲಿ ಮರೆಮಾಡಿ, ಚಪ್ಪಲಿ ಸರಿಮಾಡುವ ನೆಪದಲ್ಲಿ ಬಗ್ಗಿದಳು. ಅಂಗಳದ ರಂಗೋಲಿಯ ಒಂದು ಫೋಟೊ ತೆಗೆಯುವಷ್ಟರಲ್ಲಿ ಅವನು ಕೆಮ್ಮಿದ. ಅವಳು ಎದ್ದು ಸರಸರ ನಡೆದಳು.

ಕಳ್ಳತನವೇ, ಇಲ್ಲವೆನ್ನಲಾಗದು. ಆದರೆ ಹೊಟ್ಟೆಪಾಡು ಕೇಳಬೇಕಲ್ಲ. ರಾಯಚೂರಿನ ನೂರ್ ಬೀ ಅಂಗಡಿಯಲ್ಲಿ ಮದುಮಗಳ ಕುಪ್ಪಸದ ಕಸೂತಿಗೆ ನಮೂನೆ ಬರೆಯುವುದು ಅವಳ ಕೆಲಸ. ಮೂರು ತಿಂಗಳಿಂದ ಪೆನ್ಸಿಲ್ ಹಿಡಿದರೆ ಅದೇ ನವಿಲು, ಅದೇ ಮಾವಿನಕಾಯಿ. ಇಂಥ ನವಿಲು ಮಾನ್ವಿಯಲ್ಲೂ ಸಿಗುತ್ತದೆ ಎಂದು ಗಿರಾಕಿಗಳು ಮೂತಿ ತಿರುವಿದರು. ಹೊಸದು ಬರದಿದ್ದರೆ ಬೇರೆಯವರನ್ನು ಇಟ್ಟುಕೊಳ್ಳುತ್ತೇನೆಂದು ನೂರ್ ಬೀ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು.

ಆಗಲೇ, ತನ್ನೂರು ಯರಗೇರಾದಿಂದ ಬಂದ ಬಸ್ಸಿಳಿದು ಅಂಗಡಿಗೆ ಅಡ್ಡದಾರಿ ಹಿಡಿದ ಒಂದು ಬೆಳಿಗ್ಗೆ, ಆ ಮುದುಕ ಕನಕಪ್ಪನ ಅಂಗಳದ ರಂಗೋಲಿ ಕಣ್ಣಿಗೆ ಬಿತ್ತು. ಚುಕ್ಕಿಗಳ ಹಿಡಿತ ತಪ್ಪಿಸಿಕೊಂಡು ಓಡುವ ಬಳ್ಳಿ. ಮರುದಿನ ಬೇರೆ ಬಳ್ಳಿ. ಒಂದೊಂದು ತಿರುವಿನಿಂದ ಅವಳಿಗೆ ನಾಲ್ಕು ನಮೂನೆ ಹುಟ್ಟತೊಡಗಿದವು. ಎಷ್ಟೋ ದಿನಗಳ ಮೇಲೆ ಕೆಲಸ ಖುಷಿ ಕೊಟ್ಟಿತು.

ಎದುರಿನ ಚಹಾದಂಗಡಿಯವನು ಆ ಮನೆಯ ವಿಷಯ ತಿಳಿಸಿದ. ಮಗ ಲಾರಿಯಲ್ಲಿ ಊರೂರು ಸುತ್ತುತ್ತಾನೆ. ಮನೆಯಲ್ಲಿರುವುದು ಕನಕಪ್ಪ, ಲಕ್ವಾ ಹೊಡೆದು ಹಾಸಿಗೆ ಹಿಡಿದ ಹೆಂಡತಿ ವೀರಭದ್ರಮ್ಮ, ಸೊಸೆ ಮೌನೇಶ್ವರಿ. ಸೊಸೆಯನ್ನು ಆತಿಯಾ ಕಂಡದ್ದು ಒಂದೇ ಸಲ, ಅದೂ ಕಿಟಕಿಯ ಹಿಂದೆ. ಇಷ್ಟು ಚಂದದ ಕೈಯವಳು ಹೊರಗೇ ಕಾಣಿಸುವುದಿಲ್ಲವೇಕೆ?

ಒಂದು ದಿನ ಧೈರ್ಯ ಮಾಡಿ ಕೇಳಿಯೇಬಿಟ್ಟಳು. “ಯಪ್ಪಾ, ರಂಗೋಲಿ ಭಾಳ ಚಂದ ಅದರೀ. ನಿಮ್ಮ ಸೊಸಿ ಹಾಕ್ತಾರೇನ್ರೀ?”

ಕನಕಪ್ಪನ ಮುಖ ಕೆಂಪೇರಿತು. “ಅದನ್ನ ತಗೊಂಡು ನಿನಗೇನಾಗಬೇಕು? ನಿನ್ನ ದಾರಿ ನೀ ಹಿಡಿಯವ್ವ.”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು. ಏನೋ ಮುಚ್ಚಿಡುತ್ತಿದ್ದಾನೆ ಎಂದುಕೊಂಡಳು.

ಮರುದಿನ ಮೊದಲ ಬಸ್ಸಿಗೇ ಬಂದಳು. ಅವಳು ಓಣಿ ತಿರುಗುವುದಕ್ಕೂ ಬಾಗಿಲು ದಡಕ್ಕನೆ ಮುಚ್ಚುವುದಕ್ಕೂ ಸರಿಹೋಯಿತು. ಅಂಗಳದಲ್ಲಿ ಅರ್ಧ ರಂಗೋಲಿ. ಪುಡಿಯ ಬಟ್ಟಲು ಮಗುಚಿ ಬಿದ್ದಿತ್ತು. ಒಳಗಿನಿಂದ ಕನಕಪ್ಪನ ಕೆಮ್ಮು ಕೇಳಿಸಿತು. ಹೆಣ್ಣುಮಗಳನ್ನು ಕೈಹಿಡಿದು ಒಳಗೆ ಎಳೆದೊಯ್ದನೇ?

ಆಮೇಲೆ ಮೂರು ದಿನ ಅಂಗಳ ಬೋಳು. ಬಾಗಿಲು ತೆರೆಯಲಿಲ್ಲ. ಸೊಸೆ ದೇವದುರ್ಗದ ತವರಿಗೆ ಹೋದಳೆಂದು ಚಹಾದಂಗಡಿಯವನು ಹೇಳಿದ. ಹೋದಳೋ, ಅಟ್ಟಿದರೋ? ಪೆನ್ಸಿಲ್ ಮತ್ತೆ ನವಿಲಿಗೇ ಬಂದು ನಿಂತಿತು. ಆದರೆ ಈಗ ಕೆಲಸ ಹೋಗುವ ಚಿಂತೆಗಿಂತ, ತನ್ನ ದೆಸೆಯಿಂದ ಒಬ್ಬಳ ಸಂಸಾರ ಮುರಿಯಿತೆಂಬ ಸಂಕಟವೇ ದೊಡ್ಡದಾಗಿತ್ತು. ಚಹಾದಂಗಡಿಯವನಿಂದ ಮನೆಯ ಗುರುತು ಕೇಳಿಕೊಂಡು, ಭಾನುವಾರ ದೇವದುರ್ಗದ ಬಸ್ ಹತ್ತಿದಳು.

ಮೌನೇಶ್ವರಿ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ಆತಿಯಾ ಫೋಟೊ ಕದ್ದದ್ದು, ಪ್ರಶ್ನೆ ಕೇಳಿದ್ದು ಎಲ್ಲವನ್ನೂ ಒಪ್ಪಿಕೊಂಡಳು. ಬೇಕಾದರೆ ಮಾವನ ಕಾಲು ಹಿಡಿಯುತ್ತೇನೆ ಎಂದಳು. ಮೌನೇಶ್ವರಿಗೆ ನಗು ತಡೆಯಲಾಗಲಿಲ್ಲ. ತನ್ನನ್ನು ಯಾರೂ ಅಟ್ಟಿಲ್ಲ, ಅಣ್ಣನ ಮಗನ ಜವಳಕ್ಕೆ ಬಂದದ್ದು ಎಂದಳು. ಮರುಕ್ಷಣ ಅವಳ ಮುಖ ಸಣ್ಣದಾಯಿತು.

“ನಮ್ಮ ಅತ್ತಿಯವರಿಗೆ ಕಿಟಕ್ಯಾಗಿಂದ ರಂಗೋಲಿ ನೋಡದ ತುತ್ತು ಇಳಿಯಂಗಿಲ್ರೀ. ಮೂರು ದಿನ ಆತು, ಸರಿಯಾಗಿ ಉಂಡಿಲ್ಲಂತ ಫೋನ್ ಬಂದದ.”

“ಮತ್ತ ನೀವು ಲಗೂನ ಹೋಗ್ರಿ ಅಕ್ಕಾರ,” ಎಂದಳು ಆತಿಯಾ.

“ನಾ ಹೋಗಿ ಏನ್ ಮಾಡ್ಲಿ? ನನಗ ನಾಕು ಚುಕ್ಕಿ ನೆಟ್ಟಗ ಇಡಾಕ ಬರಂಗಿಲ್ಲ. ಗಂಡಸಾಗಿ ರಂಗೋಲಿ ಹಾಕೂದನ್ನ ನೀವು ನೋಡೇಬಿಟ್ರಿ ಅಂತ ನಮ್ಮ ಮಾವ ಅಂಗಳಕ್ಕ ಬರವಲ್ರು.”